ಪಂಚಾಕ್ಷರಿಯ ಕೊನೆಯ ಆಲ್ಬಮ್ಮಿಗೆ ನಾನು ಬರೆದ ಮುನ್ನುಡಿ

ಮನುಷ್ಯ ತನ್ನ ಆಯುಸ್ಸಿನಲ್ಲಿ ಮಾಡುವ ದೊಡ್ಡ ತಪ್ಪುಗಳ ಹಿಂದೆ ಕಾಮ, ಕ್ರೋಧ, ಲೋಭಗಳಂಥ ಘನವಾದ ಕಾರಣಗಳಿರುತ್ತವೆ ಎಂದು ತಿಳಿದವರು ಹೇಳುತ್ತಾರೆ. ನನ್ನದರ ಹಿಂದೆ ಇದ್ದದ್ದು ಬರೀ ಸೋಮಾರಿತನ. ಅದೂ ಒಂಬತ್ತು ನಿಮಿಷದ್ದು. ಅರಿಷಡ್ವರ್ಗದ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಅರಸೀಕೆರೆಯಲ್ಲಿ ಮನೆ ಮಾಡಿಕೊಂಡು ಕೊಬ್ಬರಿಯ ವಾಸನೆ ತಪ್ಪಿಸಿಕೊಳ್ಳುತ್ತೇನೆ ಎಂದು ಹಟ ಹಿಡಿಯುವವನು ಮೂರ್ಖನೇ ಇರಬೇಕು. ಮೂರು ವರ್ಷದಿಂದ ನಾನು ಆ ಹಟ ಹಿಡಿದಿದ್ದೆ. ತರಕಾರಿಗೆ ಹೋಗುವಾಗ ಮಂಡಿ ಬೀದಿ ಬಿಟ್ಟು ಸ್ಟೇಷನ್ನಿನ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ ಇದನ್ನು ವಾಕಿಂಗ್ ಎಂದು ತಿಳಿದು ಮೆಚ್ಚಿಕೊಂಡಿದ್ದಳು. ಹೋದ ವಾರ ಆ ದಾರಿಯನ್ನು ಪೈಪ್ ಹಾಕಲು ಅಗೆದದ್ದರಿಂದ ಮಂಡಿ ಬೀದಿಯಲ್ಲೇ ಬರಬೇಕಾಯಿತು. ಒಂದು ಗೋದಾಮಿನ ಬಾಗಿಲು ತೆರೆದಿತ್ತು. ವರ್ಷವಿಡೀ ಅಟ್ಟದ ಮೇಲೆ ಕೂತು ಒಣಗಿದ ಉಂಡೆ ಕೊಬ್ಬರಿಯ ವಾಸನೆ, ಸ್ವಲ್ಪ ಎಣ್ಣೆ, ಸ್ವಲ್ಪ ಧೂಳು, ಸ್ವಲ್ಪ ಸಿಹಿ, ಬಂದು ಮುಖಕ್ಕೆ ತಗುಲಿತು. ಬೆಂಡೆಕಾಯಿಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮೂಟೆ ಹೊರುತ್ತಿದ್ದ ಹಮಾಲಿಯೊಬ್ಬ ನೋಡಿ, "ಯಾಕ್ ಸಾಮಿ, ತಲೆ ಸುತ್ತುತಾ?" ಎಂದ. ಇಲ್ಲ ಎಂದೆ. ಅವನು ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಗುರುತು ಹಿಡಿದವನಂತೆ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಅದು ಪಂಚಾಕ್ಷರಿಯ ಗೋದಾಮು. ಅವನು ಯಾಕೆ ತಲೆ ತಗ್ಗಿಸಿದ ಎಂಬುದು ಮುಂದೆ ತಿಳಿಯುತ್ತದೆ.

ಪಂಚಾಕ್ಷರಿ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಅವರದು ಕೊಬ್ಬರಿ ಮಂಡಿಯ ಮನೆತನ. ನಮ್ಮದು ಹಾರನಹಳ್ಳಿಯಲ್ಲಿ ದೇವಸ್ಥಾನದ ಪೂಜೆಯ ಮನೆತನ. ಅವನ ಕೈಗೆ ತಕ್ಕಡಿ ಬರಬೇಕಿತ್ತು, ನನ್ನ ಕೈಗೆ ಘಂಟೆ ಬರಬೇಕಿತ್ತು. ನನಗೆ ಬಂದದ್ದು ಸೀಮೆಸುಣ್ಣ. ಅವನು ತಕ್ಕಡಿಯನ್ನೇನೋ ಹಿಡಿದ, ಆದರೆ ಅದಕ್ಕೆ ಮೊದಲು ಯಾರೋ ನೆಂಟರಿಂದ ಜಪಾನಿನ ಕೀಬೋರ್ಡೊಂದನ್ನು ತರಿಸಿ, ಕಾಲೇಜಿನ ಮೂವರನ್ನು ಕೂಡಿಕೊಂಡು ರಾಕ್ ಬ್ಯಾಂಡ್ ಕಟ್ಟಿದ. ಹೆಸರು 'ಬಳಪದ ಕಲ್ಲು'. ಬೇಲೂರು ಹಳೇಬೀಡಿನಲ್ಲಿ ಕೆತ್ತಿರುವುದೆಲ್ಲ ಆ ಕಲ್ಲೇ ತಾನೇ, ನಮ್ಮ ಕಡೆ ರಾಕ್ ಅಂದರೆ ಅದೇ ಎಂದು ಅವನ ವಾದ. ಬೇರೆ ಬ್ಯಾಂಡುಗಳಲ್ಲಿ ಗಿಟಾರಿನವನು ಮುಂದೆ ನಿಂತು ಕುಣಿಯುತ್ತಿದ್ದರೆ ಇವರಲ್ಲಿ ಕೀಬೋರ್ಡು ಮುಂದೆ, ಗಿಟಾರು ಮೂಲೆಯಲ್ಲಿ. ಒಂದರ ಮೇಲೊಂದು ಎರಡು ಕೀಬೋರ್ಡು. ಕೆಳಗಿನದರಲ್ಲಿ ಎಡಗೈ, ಮೇಲಿನದರಲ್ಲಿ ಬಲಗೈ.

ಮೇಲಿನದೇ ಆ ಜಪಾನಿನ ಮಷೀನು. ಅದಕ್ಕೊಂದು ರೋಗವಿತ್ತು. ಸೆಖೆ ಏರಿದಂತೆ ಅದರ ಶ್ರುತಿ ಇಳಿಯುತ್ತಿತ್ತು. ಹಿಂಬದಿಯಲ್ಲಿ ಒಂದು ಸಣ್ಣ ತಿರುಪು. ಹಾಡು ನಡೆಯುತ್ತಿರುವಾಗಲೇ ಯಾರಾದರೂ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಿರಬೇಕು. ಆ ಯಾರಾದರೂ ಎಂಬುವನು ನಾನು. ದೇವಸ್ಥಾನದಲ್ಲಿ ಅಪ್ಪನ ಹಾಡಿಗೆ ಶ್ರುತಿಪೆಟ್ಟಿಗೆ ಒತ್ತುತ್ತ ಬೆಳೆದ ಕಿವಿ ನನ್ನದು. ಹಾಸನ, ತಿಪಟೂರು, ಕಡೂರಿನ ಕಾಲೇಜು ದಿನಾಚರಣೆಗಳಲ್ಲಿ ಬಣ್ಣದ ದೀಪಗಳ ಹಿಂದೆ ಕೂತು, ಶ್ರುತಿಪೆಟ್ಟಿಗೆಯನ್ನು ಕಿವಿಗೆ ಆನಿಸಿಕೊಂಡು ತಿರುಪು ತಿರುಗಿಸಿದ್ದೇನೆ. ರಾಕ್ ಸಂಗೀತದಲ್ಲಿ ಶ್ರುತಿಪೆಟ್ಟಿಗೆಯ ಪಾತ್ರ ಎಂಬ ವಿಷಯದ ಮೇಲೆ ಯಾರಾದರೂ ಪಿಎಚ್.ಡಿ. ಮಾಡುವುದಾದರೆ ಆಕರ ವ್ಯಕ್ತಿಯಾಗಿ ಸಿಗುವವನು ನಾನೊಬ್ಬನೇ.

"ನೀನು ತಿರುಗ್ಸ್ಲಾ ನರಸಿಂಹ, ನಾನು ನುಡಿಸ್ತೀನಿ" ಎಂಬುದಷ್ಟೇ ನಮ್ಮ ಒಪ್ಪಂದ. ಬರವಣಿಗೆಯಲ್ಲಿ ಇರಲಿಲ್ಲ.

ಬ್ಯಾಂಡು ಏಳೆಂಟು ವರ್ಷ ನಡೆದು ಚದುರಿತು. ನಾನು ಕನ್ನಡ ಉಪನ್ಯಾಸಕನಾದೆ. ಅವನು ಮಂಡಿಯಲ್ಲಿ ಕೂತು, ಬಿಡುವಿನಲ್ಲಿ ನುಡಿಸಿ, ಒಬ್ಬನೇ ಎರಡು ಕ್ಯಾಸೆಟ್ ತಂದ. ಆಮೇಲೆ ಇಪ್ಪತ್ತು ವರ್ಷ ಏನೂ ಇಲ್ಲ. ಮೂರು ವರ್ಷದ ಹಿಂದೆ ಯುಗಾದಿ ಕಳೆದ ವಾರ ಫೋನ್ ಮಾಡಿ, "ಅಟ್ಟಕ್ಕೆ ಬಾ" ಎಂದ.

ಮಂಡಿಯನ್ನು ಅಷ್ಟರಲ್ಲಿ ಬಾಡಿಗೆಗೆ ಕೊಟ್ಟಿದ್ದ. ಅಟ್ಟ ಮಾತ್ರ ಅವನದು. ಅರ್ಧ ಅಟ್ಟದಲ್ಲಿ ತೆಂಗಿನಕಾಯಿ ಹರಡಿತ್ತು. ಇನ್ನರ್ಧದಲ್ಲಿ ಗೋಡೆಗೆಲ್ಲ ಹಳೆಯ ರಜಾಯಿಗಳನ್ನು ಮೊಳೆ ಹೊಡೆದು, ನಡುವೆ ಎರಡು ಕೀಬೋರ್ಡು, ಒಂದು ಲ್ಯಾಪ್‌ಟಾಪು. ಮೇಲೆ ಹೆಂಚಿನ ಸೂರು. ಫ್ಯಾನಿನ ಸದ್ದು ರೆಕಾರ್ಡಾಗುತ್ತದೆಂದು ಫ್ಯಾನಿಲ್ಲ. ಪಂಚಾಕ್ಷರಿ ಬನಿಯನ್ನು ಮತ್ತು ಟವೆಲಿನಲ್ಲಿ, ಬೆವರು ಇಳಿಸುತ್ತ, ರಾಕ್ ಕಲಾವಿದನಿಗಿಂತ ಹೆಚ್ಚಾಗಿ ಅಡಿಗೆ ಭಟ್ಟನಂತೆ ಕಾಣುತ್ತಿದ್ದ.

"ಆಲ್ಬಮ್ ಮಾಡ್ತಾ ಇದೀನಿ. 'ಅಟ್ಟ' ಅಂತ. ಎಂಟು ಹಾಡು, ಎಲ್ಲಾ ನಂದೇ. ಇದು ಕೊನೇದು ಕಣ್ಲಾ" ಎಂದ.

"ಕೊನೇದು ಯಾಕೆ?"

"ಈ ಸೆಖೆ ಇನ್ನೊಂದು ಸಲ ತಡೀತೀನಾ ನಾನು?"

ಒಂದು ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿ ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಲೊಟ ಲೊಟ ಎಂದಿತು. "ಇದು ಮೊದಲ್ನೇ ಹಾಡಿಗೆ ತಾಳ. ನಮ್ಮ ಡ್ರಮ್ಮರ್ ಸತ್ತ ಮೇಲೆ ಸಿಕ್ಕಿದ ಒಳ್ಳೇ ತಾಳದೋನು ಇವನೇ. ಕುಡಿಯಲ್ಲ, ಲೇಟಾಗಿ ಬರಲ್ಲ." ಅವನ ಹೆಂಡತಿ ಗಿರಿಜಮ್ಮ ಏಣಿಯ ಅರ್ಧಕ್ಕೆ ನಿಂತು ಮಜ್ಜಿಗೆಯ ಲೋಟ ಮೇಲಕ್ಕೆ ಕೊಡುತ್ತ, "ನೋಡಿ ಮೇಷ್ಟ್ರೇ, ಮನೇಲಿ ಫ್ಯಾನ್ ಕೆಳಗೆ ಕೂತ್ಕೊಳ್ಳಿ ಅಂದ್ರೆ ಇಲ್ಲಿ ಕೊಬ್ಬರಿ ಜೊತೆ ಒಣಗ್ತಾರೆ" ಎಂದರು.

ಆ ಏಪ್ರಿಲ್ಲಿನಲ್ಲಿ ನಾನು ವಾರಕ್ಕೊಮ್ಮೆ ಹೋಗಿ ಕೂತು ಬರುತ್ತಿದ್ದೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನುಡಿಸುವುದು ಅವನ ಕ್ರಮ. ಆ ಹೊತ್ತಿನಲ್ಲಿ ಮಷೀನು ತಣ್ಣಗಿದ್ದು ಶ್ರುತಿ ನಿಲ್ಲುತ್ತಿತ್ತು. ಹತ್ತಾಯಿತೆಂದರೆ ಹೆಂಚು ಕಾದು, ಶ್ರುತಿ ಜಾರಲು ಶುರುವಾಗುತ್ತಿತ್ತು. ಆಗ ಬಟ್ಟೆ ಹೊದಿಸಿ ಕೆಳಗಿಳಿಯುತ್ತಿದ್ದ. ಸಂಗೀತ ನನಗೆ ರುಚಿಸುತ್ತಿತ್ತೆಂದು ಹೇಳಲಾರೆ. ಅವನ ಎಡಗೈ ರೈಲಿನಂತೆ ಓಡುತ್ತಿದ್ದರೆ ನಾನು ಗೌರವದಿಂದ ಕಣ್ಣು ಮುಚ್ಚುತ್ತಿದ್ದೆ. ಎರಡು ಸಲ ನಿದ್ದೆಯೂ ಮಾಡಿದೆ.

ಮೇ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ, "ಹಳೇಬೀಡಿಗೆ ಹೋಗ್ಬರೋಣ" ಎಂದ. ಜಾವಗಲ್ ಮೇಲಿನ ಬಸ್ಸಿನಲ್ಲಿ ಹೋದೆವು. ದೇವಸ್ಥಾನದ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಗ ಗೋಡೆಯ ಸಂದಿನಿಂದ ಗಿಳಿಯ ಹಿಂಡೊಂದು ಎದ್ದು, ನಮ್ಮ ತಲೆಯ ಮೇಲೇ ಹಾದು ಕೆರೆಯ ಕಡೆ ಹೋಯಿತು. ಎಲ್ಲಿಲ್ಲದ ಕೂಗಾಟ. ಪಂಚಾಕ್ಷರಿ ಅವು ಮರೆಯಾಗುವವರೆಗೂ ನೋಡಿ, ತಿರುಗಿ ಕೇಳಿದ.

"ಅವು ಕೂಗ್ತಾ ಇದ್ವೇನ್ಲಾ?"

ತಮಾಷೆ ಎಂದುಕೊಂಡೆ. "ಕೂಗೋದೇನು, ಕಿರುಚ್ತಾ ಇದ್ವು."

"ನನಗೆ ಬರೀ ಹಾರಿದ್ದು ಕಾಣ್ತು."

ಹಾಸನದ ಡಾಕ್ಟರು ವರ್ಷದ ಹಿಂದೆಯೇ ಹೇಳಿದ್ದರಂತೆ. ಮೊದಲು ಮೇಲಿನ ಸ್ವರಗಳು ಹೋಗುತ್ತವೆ, ಆಮೇಲೆ ನಿಧಾನಕ್ಕೆ ಕೆಳಗಿನವು. ಅವನಿಗೆ ಈಗ ಮೇಲಿನ ಕೀಬೋರ್ಡಿನ ಬಲತುದಿ ಒತ್ತಿದರೆ ಬೆರಳು ಬಿದ್ದ ಟಕ್ ಟಕ್ ಎಂಬುದಷ್ಟೇ. ಹೆಂಡತಿಗೆ ಹೇಳಿದ್ದ. ಇನ್ನು ಯಾರಿಗೂ ಇಲ್ಲ.

"ಮತ್ತೆ ನುಡಿಸೋದು ಹೇಗೋ?"

"ಬೆರಳಿಗೆ ಗೊತ್ತಲ್ಲ. ಶ್ರುತಿ ಬೆಳಿಗ್ಗೆ ಫೋನಲ್ಲಿ ನೋಡಿ ಸರಿಮಾಡ್ಕೋತೀನಿ, ಒಂದು ಮುಳ್ಳು ತೋರಿಸ್ತದೆ. ಆದ್ರೆ ನುಡಿಸ್ತಾ ನುಡಿಸ್ತಾ ಜಾರಿದ್ರೆ? ಆಗ ಮುಳ್ಳು ನೋಡ್ಲೋ ನುಡಿಸ್ಲೋ?" ಸಿಪ್ಪೆಗಳನ್ನು ಕಾಗದಕ್ಕೆ ಕಟ್ಟಿ ಜೇಬಿಗೆ ಹಾಕಿಕೊಂಡ. "ಆರನೇ ಹಾಡು ಈ ಗಿಳಿದೇ. ಚಿಕ್ಕವನಿದ್ದಾಗ ಅಪ್ಪನ ಜೊತೆ ಬಂದು ಕೇಳಿದ್ದು ನೆನಪೈತಲ್ಲ, ಅದನ್ನು ಬಲಗೈಯಲ್ಲಿ ಕೂರಿಸಿದೀನಿ. ಅದೊಂದು ಸರಿಯಾಗಿ ಬಂದ್ರೆ ಸಾಕು."

ಬಸ್ಸಿನಲ್ಲಿ ವಾಪಸು ಬರುವಾಗ ಅವನ ಎಡಕ್ಕೆ ಕೂತಿದ್ದೆ. ಎಡಗಿವಿ ಹೆಚ್ಚು ಕೆಟ್ಟಿದೆ ಎಂದು ನನ್ನನ್ನು ಬಲಕ್ಕೆ ಕೂರಿಸಿಕೊಂಡ. ಆಗ ನನಗೆ ನಿಜವಾಗಿ ಮರುಕವಾಯಿತು. ಮರುಕವಾಯಿತೆಂದು ಬರೆಯುವುದೇ ಈಗ ನಾಚಿಕೆಯ ಸಂಗತಿ. ಆ ಮರುಕ ಹದಿನೈದು ದಿನವೂ ಬಾಳಲಿಲ್ಲ.

ಮೇ ನಡುವಿನಲ್ಲಿ ಮನೆಗೇ ಬಂದು ಒಂದು ಪೆನ್‌ಡ್ರೈವ್ ಕೊಟ್ಟ. ಸಾವಿತ್ರಿ ಕಾಫಿ ತಂದಳು. ಅವನು ಲೋಟವನ್ನು ಕೆಳಗಿಟ್ಟು, ನನ್ನ ಎದುರು ಕುರ್ಚಿ ಎಳೆದುಕೊಂಡ.

"ಎಂಟೂ ಮುಗೀತು. ಏಳಕ್ಕೆ ನಂಗೆ ಭಯವಿಲ್ಲ, ತಣ್ಣಗಿದ್ದಾಗ ನುಡಿಸಿದ್ದು. ಆರನೇದು ನುಡಿಸೋ ದಿನ ನಡುವೆ ಕರೆಂಟ್ ಹೋಯ್ತು. ಬಂದಾಗ ಹನ್ನೊಂದು. ಕೈ ಬಿಸಿಯಾಗಿತ್ತು, ಬಿಡೋಕೆ ಮನಸ್ಸು ಬರಲಿಲ್ಲ, ನುಡಿಸ್ಬಿಟ್ಟೆ. ಅದೊಂದು ಕೇಳು. ಒಂಬತ್ತು ನಿಮಿಷ ಐತೆ. ಬಲಗೈ ಜಾರಿದೆಯಾ ಇಲ್ವಾ, ಅಷ್ಟು ಹೇಳು. ಜಾರಿದ್ರೆ ಇನ್ನೊಂದು ಬೆಳಿಗ್ಗೆ ಕೂತು ನುಡಿಸ್ತೀನಿ. ಇನ್ನೂ ಒಂದು ತಿಂಗಳು ಕೈಲಾಗ್ತದೆ. ಆಮೇಲೆ ಗೊತ್ತಿಲ್ಲ."

"ಕೇಳ್ತೀನಿ. ಒಂದು ಮುನ್ನುಡಿನೂ ಬರೆದುಬಿಡ್ತೀನಿ ಬಿಡು" ಎಂದೆ.

"ಮುನ್ನುಡಿ ಕಟ್ಕೊಂಡು ಏನ್ಮಾಡ್ಲಿ. ಬರೆಯೋದಾದ್ರೆ ಬರಿ. ನಂಗೆ ಬೇಕಿರೋದು ನಿನ್ನ ಕಿವಿ."

ಇಲ್ಲಿ ನನ್ನ ಮುನ್ನುಡಿಗಳ ವಿಷಯ ಹೇಳಬೇಕು. ನಿವೃತ್ತನಾದ ಮೇಲೆ ನಾನು ತಾಲ್ಲೂಕಿನ ಮುನ್ನುಡಿಕಾರನಾಗಿದ್ದೆ. ಕವನ ಸಂಕಲನ, ಪ್ರವಾಸ ಕಥನ, ನಿವೃತ್ತ ತಹಸೀಲ್ದಾರರ ಆತ್ಮಕಥೆ, ಎಲ್ಲವೂ ಬರುತ್ತಿದ್ದವು. ಮುನ್ನುಡಿ ಬರೆಯಲು ಪುಸ್ತಕ ಓದಬೇಕೆಂಬ ಭ್ರಮೆ ನನಗೆ ಮೊದಲ ಎರಡು ಪುಸ್ತಕಗಳವರೆಗೆ ಇತ್ತು. ಆಮೇಲೆ ಪರಿವಿಡಿ ಸಾಕಾಯಿತು. ಕೊನೆಗೆ ಮುಖಪುಟವೂ ಬೇಕಿರಲಿಲ್ಲ. "ಪ್ರಾಮಾಣಿಕತೆಯೇ ಈ ಕೃತಿಯ ಜೀವಾಳ" ಎಂಬ ವಾಕ್ಯವನ್ನು ಒಬ್ಬ ಹುಡುಗಿಯ ಪ್ರೇಮಕವನಗಳಿಗೂ, ತೆಂಗಿನ ನುಸಿ ಪೀಡೆಯ ಕೈಪಿಡಿಗೂ ಬರೆದಿದ್ದೇನೆ. ಇಬ್ಬರೂ ಶಾಲು ಹೊದಿಸಿದರು. ಇದರಿಂದ ಯಾರಿಗೂ ಹಾನಿಯಾಗಿರಲಿಲ್ಲ. ಯಾಕೆಂದರೆ ಅವರ್ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಕೇಳಿದ್ದು ಮುನ್ನುಡಿ, ಕೊಟ್ಟದ್ದು ಮುನ್ನುಡಿ.

ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿದರೆ ಹಾಡುತ್ತದೆಂದು ಸಾವಿತ್ರಿಯೇ ಸಿಕ್ಕಿಸಿಕೊಟ್ಟಳು. ಮೊದಲ ಹಾಡು ಎರಡು ನಿಮಿಷ ಕೇಳಿದೆ. ಕೊಬ್ಬರಿ ಲೊಟಗುಟ್ಟಿತು. ಅವಳು ಅಡಿಗೆಮನೆಯಿಂದ, "ಮುಖ್ಯವಾದ್ದು ಅಂದಿದ್ರಲ್ಲ, ಅದನ್ನ ಹಾಕ್ಕೊಳ್ಳೀಂದ್ರೆ" ಎಂದಳು. ನಾಳೆ ಕೇಳೋಣ ಎಂದೆ. ಮರುದಿನ ತಹಸೀಲ್ದಾರರು ಬಂದರು. ಅದರ ಮರುದಿನ ಒಂದು ಮದುವೆ. ಒಂಬತ್ತು ನಿಮಿಷ ಬಿಡುವಿರಲಿಲ್ಲ ಎಂದು ನಾನು ಹೇಳಿದರೆ ನಂಬಬೇಡಿ. ದಿನಾ ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತಿದ್ದೆ. ಪೆನ್‌ಡ್ರೈವ್ ಟಿವಿಯ ಬೆನ್ನಲ್ಲೇ ಇತ್ತು. ಬರಬರುತ್ತ ಕೇಳಿಯೇ ಇದ್ದೇನೆ ಎಂಬ ಒಂದು ಭಾವನೆ ನನ್ನಲ್ಲಿ ಬೇರುಬಿಟ್ಟಿತು. ಅನುಭವಸ್ಥ ಮುನ್ನುಡಿಕಾರರಿಗೆ ಹೀಗಾಗುತ್ತದೆ.

ಹನ್ನೆರಡನೆಯ ದಿನ ಬೇಲೂರಿನಲ್ಲಿ ಒಂದು ಸಾಹಿತ್ಯ ಸಮಾರಂಭ. ನಾನು ಅಧ್ಯಕ್ಷ. ಅದೇ ದಿನ ಪಂಚಾಕ್ಷರಿ ಹಾಡುಗಳನ್ನು ಹದಗೊಳಿಸಲು ಬೇಲೂರಿಗೇ ಹೋಗಿದ್ದ. ಅಲ್ಲಿ ದೇವಸ್ಥಾನದ ಬೀದಿಯ ಪಕ್ಕದಲ್ಲಿ ಸೌಮ್ಯ ಎಂಬ ಹುಡುಗಿ ಸಣ್ಣ ಸ್ಟುಡಿಯೋ ಇಟ್ಟುಕೊಂಡು ಭಕ್ತಿಗೀತೆ, ಮದುವೆ ವಿಡಿಯೋಗಳನ್ನು ಮಾಡುತ್ತಿದ್ದಳು. "ನೀನೂ ಬಂದು ಕೂತ್ಕೋ" ಎಂದು ಮೊದಲೇ ಕರೆದಿದ್ದ. ಸಮಾರಂಭವಿದೆ, ಬರಲಾಗುವುದಿಲ್ಲ ಎಂದಿದ್ದೆ. ಸ್ಟುಡಿಯೋಗೂ ಸಮಾರಂಭದ ಪೆಂಡಾಲಿಗೂ ಮೂರು ಬೀದಿ ದೂರ.

ನನಗೆ ಪೇಟ ಇಡುವ ಹೊತ್ತಿಗೆ ಫೋನು ಬಂತು. ಪೇಟದಲ್ಲೇ ವೇದಿಕೆಯ ಹಿಂದೆ ಹೋದೆ.

"ನರಸಿಂಹ, ಕೇಳಿದ್ಯೇನ್ಲಾ?" ಕಿವಿ ಕೆಟ್ಟವರು ಮಾತಾಡುವಂತೆ ಜೋರಾಗಿ.

"ಕೇಳ್ದೆ ಕಣೋ."

"ಆರನೇದು?"

"ಅದನ್ನೇ ಎರಡು ಸಲ ಕೇಳ್ದೆ."

ಎರಡು ಸಲ ಎಂದು ಯಾಕೆ ಹೇಳಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಸಲ ಎಂದಿದ್ದರೂ ನಡೆಯುತ್ತಿತ್ತು.

"ಬಲಗೈ ನಿಂತೈತಾ? ಇಲ್ಲಿ ಈ ಹುಡುಗಿ ಏನೋ ಅಂತಾಳೆ."

"ಗಟ್ಟಿಯಾಗಿ ನಿಂತಿದೆ. ಮುಟ್ಟಬೇಡ. ಈಗಿನ ಹುಡುಗರಿಗೆ ಏನು ಗೊತ್ತು. ನಾನಿಲ್ಲಿ ವೇದಿಕೆ ಮೇಲಿದೀನಿ, ಇಡ್ಲಾ?"

"ಇಡು ಇಡು. ಅಷ್ಟು ಸಾಕು" ಎಂದ. ಆ ದನಿಯಲ್ಲಿದ್ದ ನೆಮ್ಮದಿ ನನಗೆ ಕೇಳಿಸಿತು. ನನ್ನ ಕಿವಿ ಸರಿಯಾಗಿಯೇ ಇತ್ತು.

ಆ ವಾರವೇ ಮುನ್ನುಡಿಯನ್ನೂ ಬರೆದೆ. ಎರಡು ಪುಟ. "ಆರನೆಯ ಹಾಡಿನ ಶ್ರುತಿಶುದ್ಧಿ ಇಡೀ ಕೃತಿಗೆ ಕಳಶವಿಟ್ಟಂತಿದೆ" ಎಂದು ಒಂದು ವಾಕ್ಯ. ಪ್ರಾಮಾಣಿಕತೆಯೇ ಜೀವಾಳ ಎಂಬುದೂ ಇತ್ತು.

ಮಳೆ ಹಿಡಿಯಿತು. ಜೂನಿನಲ್ಲಿ ಪಂಚಾಕ್ಷರಿಗೆ ಒಂದು ಕೆಟ್ಟ ಜ್ವರ ಬಂದು ಹತ್ತು ದಿನ ಮಲಗಿದ. ಎದ್ದಾಗ ಬಲಗಿವಿಯೂ ಅರ್ಧ ಹೋಗಿತ್ತು. ಹಾಸನದಿಂದ ಯಂತ್ರ ತಂದು ಹಾಕಿಕೊಂಡ. ಅದರಲ್ಲಿ ಮಾತು ಕೇಳಿಸುತ್ತದೆ, ಸಂಗೀತ ಮಾತ್ರ ತಗಡು ಬಡಿದಂತೆ ಕೇಳಿಸುತ್ತದೆ ಎಂದ.

ಆಗಸ್ಟಿನಲ್ಲಿ ಅರಸೀಕೆರೆಯ ಒಂದು ಸಮುದಾಯ ಭವನದಲ್ಲಿ ಬಿಡುಗಡೆ. ಆಲ್ಬಮ್ಮನ್ನು ಮೊಬೈಲಿನಲ್ಲಿ ಕೇಳುವ ಹಾಗೆ ಇಂಟರ್ನೆಟ್ಟಿಗೂ ಹಾಕಿ, ಸಿಡಿಯನ್ನೂ ಮಾಡಿಸಿದ್ದರು. "ಸಿಡಿ ಹಾಕೋ ಡಬ್ಬಿ ಯಾರ ಮನೇಲೂ ಇಲ್ಲ ಮೇಷ್ಟ್ರೇ, ಆದ್ರೂ ಬಂದೋರ ಕೈಗೆ ಏನಾದ್ರೂ ಕೊಡ್ಬೇಕಲ್ಲ" ಎಂದರು ಗಿರಿಜಮ್ಮ. ಅದರ ಜೊತೆ ಇದ್ದ ಪುಟ್ಟ ಪುಸ್ತಿಕೆಯಲ್ಲಿ ನನ್ನ ಮುನ್ನುಡಿ. ಅರವತ್ತು ಎಪ್ಪತ್ತು ಜನ ಬಂದಿದ್ದರು. ನಾನು ವೇದಿಕೆಯ ಮೇಲೆ, ಪಂಚಾಕ್ಷರಿಯ ಬಲಕ್ಕೆ. ದೊಡ್ಡ ಸ್ಪೀಕರುಗಳಲ್ಲಿ ಹಾಡುಗಳನ್ನು ಹಾಕಿದರು. ಆರನೆಯ ಹಾಡನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ.

ಮೊದಲ ಎರಡು ನಿಮಿಷ ಚೆನ್ನಾಗಿತ್ತು. ಎಡಗೈ ಕೆರೆಯ ನೀರಿನಂತೆ ತುಂಬಿಕೊಂಡು ನಿಂತಿತ್ತು. ಅದರ ಮೇಲಿಂದ ಬಲಗೈಯ ಗಿಳಿಗಳು ಎದ್ದವು. ರಾಕ್ ಸಂಗೀತದಲ್ಲಿ ನಿದ್ದೆ ಮಾಡಿದ ನನಗೂ ಅದು ಏನೆಂದು ತಿಳಿಯಿತು. ಮೂರನೆಯ ನಿಮಿಷದಲ್ಲಿ ಅವು ಜಾರಿದವು. ಮೊದಲು ಕೂದಲೆಳೆ, ಆಮೇಲೆ ಕಾಲು ಸ್ವರ, ಆಮೇಲೆ ಇನ್ನೂ ಕೆಳಗೆ. ಎಡಗೈ ಒಂದು ಶ್ರುತಿಯಲ್ಲಿ, ಬಲಗೈ ಇನ್ನೊಂದರಲ್ಲಿ, ಆರು ನಿಮಿಷ. ನನ್ನ ಬೆರಳುಗಳು ಮೊಣಕಾಲಿನ ಮೇಲೆ ತಾವಾಗಿಯೇ ತಿರುಪು ತಿರುಗಿಸತೊಡಗಿದವು. ಸಭೆಯಲ್ಲಿ ಕುರ್ಚಿಗಳು ಕದಲಿದವು. ಒಬ್ಬರು ಎದ್ದು ಸ್ಪೀಕರಿನ ವೈರು ನೋಡಿ ಬಂದರು.

ಪಂಚಾಕ್ಷರಿ ಕಣ್ಣು ಮುಚ್ಚಿಕೊಂಡು, ನನ್ನ ಕಡೆ ಬಾಗಿ, "ಗಿಳಿ ಎದ್ವಲ್ಲ?" ಎಂದ.

"ಎದ್ವು" ಎಂದೆ.

ಎರಡನೆಯ ಸಾಲಿನಲ್ಲಿ ವಾಲಗದ ರಾಮಯ್ಯ ಕೂತಿದ್ದ. ನಲವತ್ತು ವರ್ಷ ಮದುವೆಗಳಲ್ಲಿ ನಾಗಸ್ವರ ಊದಿದವನು. ಹಾಡು ಮುಗಿದ ಮೇಲೆ ವೇದಿಕೆಯ ಪಕ್ಕಕ್ಕೆ ಬಂದು, ಪಂಚಾಕ್ಷರಿಗೆ ಕೇಳಿಸದ ಹಾಗೆ ನನ್ನೊಬ್ಬನಿಗೇ, "ಸಾಮಿ, ಮೇಗಳ ಸ್ವರ ಇಳ್ದೋಗೈತಲ್ಲ" ಎಂದ.

"ಅದು ಪಾಶ್ಚಾತ್ಯ ಪದ್ಧತಿ ಕಣಪ್ಪ. ಅವರಲ್ಲಿ ಹಾಗೆ ಬರುತ್ತೆ."

ರಾಮಯ್ಯ ಕೈಮುಗಿದ. "ಇರ್ಬೋದು ಸಾಮಿ. ನಮಗೆಲ್ಲಿ ಗೊತ್ತಾಯ್ತದೆ. ತಪ್ಪು ತಿಳ್ಕೋಬ್ಯಾಡಿ."

ಅವನು ನನ್ನ ಕ್ಷಮೆ ಕೇಳಿ ಹೋಗಿ ಕೂತ. ಆಮೇಲೆ ನಾನು ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಚಪ್ಪಾಳೆ ಬಂತು.

ಉಪ್ಪಿಟ್ಟಿನ ತಟ್ಟೆ ಹಿಡಿದು ಜಗಲಿಗೆ ಬಂದಾಗ ಸೌಮ್ಯ ಅಲ್ಲಿದ್ದಳು. ತೆಳ್ಳಗಿನ ಹುಡುಗಿ, ಭುಜದ ಮೇಲೆ ಲ್ಯಾಪ್‌ಟಾಪ್ ಚೀಲ. ಮಳೆ ನಿಲ್ಲಲೆಂದು ಕಾಯುತ್ತಿದ್ದಳು.

"ಸಾರ್, ಒಂದು ಕೇಳ್ಲಾ? ನೀವು ಅದನ್ನ ನಿಜವಾಗ್ಲೂ ಕೇಳಿದ್ರಾ?"

ನಾನು ಉಪ್ಪಿಟ್ಟು ತಿಂದೆ.

"ನಾನು ಅಂಕಲ್‌ಗೆ ಆವತ್ತೇ ಹೇಳ್ದೆ, ಇದು ಇಳಿದಿದೆ ಅಂತ. ಎರಡೂ ಕೈದೂ ಒಂದೇ ಟ್ರ್ಯಾಕಲ್ಲಿ ಬಂದಿದೆ, ನಾನು ಬೇರೆ ಮಾಡಿ ಸರಿಮಾಡೋಕಾಗಲ್ಲ, ಇನ್ನೊಂದ್ಸಲ ನುಡಿಸಿಬಿಡಿ ಅಂದೆ. ಆಯ್ತಮ್ಮ, ನಾಳೆ ಬೆಳಿಗ್ಗೆನೇ ಕೂತ್ಕೋತೀನಿ ಅಂತ ಚೀಲಾನೂ ತಗೊಂಡ್ರು. ಬಾಗ್ಲತ್ರ ಹೋಗಿ, ಇರು, ನಮ್ಮ ಮೇಷ್ಟ್ರನ್ನ ಒಂದ್ಮಾತು ಕೇಳಿಬಿಡ್ತೀನಿ ಅಂದ್ರು. ಫೋನ್ ಸ್ಪೀಕರಲ್ಲಿತ್ತು ಸಾರ್. ನಾನೂ ಕೇಳಿಸ್ಕೊಂಡೆ."

ಈಗಿನ ಹುಡುಗರಿಗೆ ಏನು ಗೊತ್ತು ಎಂದದ್ದನ್ನೂ ಕೇಳಿಸಿಕೊಂಡಿರಬೇಕು. ಅದನ್ನು ಅವಳು ಎತ್ತಲಿಲ್ಲ. ಮಳೆ ಪೂರ್ತಿ ನಿಲ್ಲುವ ಮೊದಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ತಪ್ಪು ಒಪ್ಪಿಕೊಳ್ಳಲು ನನಗೆ ಮೂರು ವಾರ ಬೇಕಾಯಿತು. ಗೌರಿ ಹಬ್ಬ ಕಳೆಯಲಿ ಎಂದುಕೊಂಡೆ, ಆಮೇಲೆ ಗಣೇಶನನ್ನು ಬಿಡಲಿ ಎಂದುಕೊಂಡೆ. ಕೊನೆಗೆ ಒಂದು ಬೆಳಿಗ್ಗೆ ಏಳಕ್ಕೆ ಅಟ್ಟ ಹತ್ತಿದೆ. ಪಂಚಾಕ್ಷರಿ ಕಾಯಿಗಳನ್ನು ತಿರುವಿ ಹಾಕುತ್ತಿದ್ದ. ಕೆಳಗೆ ಹಮಾಲಿಗಳು ಮೂಟೆ ಎಳೆಯುತ್ತಿದ್ದರು.

"ಏನ್ಲಾ, ಬೆಳ್ಬೆಳಿಗ್ಗೆ?"

"ನಾನು ಆ ಹಾಡು ಕೇಳಿರಲಿಲ್ಲ" ಎಂದೆ, ಮೆಲ್ಲಗೆ.

"ಆಂ?"

"ಆವತ್ತು ಆ ಹಾಡು ಕೇಳಿರಲಿಲ್ಲ ಕಣೋ."

"ಜೋರಾಗಿ ಹೇಳ್ಲಾ, ಯಂತ್ರ ಮನೇಲೈತೆ."

ತಪ್ಪನ್ನು ಪಿಸುದನಿಯಲ್ಲಿ ಒಪ್ಪಿಕೊಳ್ಳುವ ಸೌಕರ್ಯ ಎಲ್ಲರಿಗೂ ಉಂಟು. ನನಗೆ ಅದು ಸಿಗಲಿಲ್ಲ. ಗಂಟಲು ಬಿಟ್ಟು, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆ, "ಆರನೇ ಹಾಡು ನಾನು ಕೇಳಿರಲೇ ಇಲ್ಲ. ಸುಳ್ಳು ಹೇಳ್ದೆ. ಶ್ರುತಿ ಜಾರಿದೆ" ಎಂದು ಕೂಗಿದೆ. ಕೆಳಗೆ ಮೂಟೆ ಎಳೆಯುವ ಸದ್ದು ನಿಂತಿತು. ಹೋದ ವಾರ ತಲೆ ಸುತ್ತುತಾ ಎಂದು ಕೇಳಿದವನೂ ಅವರಲ್ಲಿ ಒಬ್ಬ.

ಪಂಚಾಕ್ಷರಿ ಕೈಯಲ್ಲಿದ್ದ ಕಾಯಿಯನ್ನು ಅದರ ಜಾಗದಲ್ಲಿಟ್ಟ. ಬೈಯುತ್ತಾನೆ ಎಂದು ಕಾದೆ.

"ಎಷ್ಟು ಜಾರೈತೆ?" ಎಂದ.

"ಕೊನೇಗೆ ಹತ್ತಿರ ಹತ್ತಿರ ಅರ್ಧ ಸ್ವರ."

"ಎಲ್ಲಿಂದ?"

"ಮೂರನೇ ನಿಮಿಷದಿಂದ."

"ಆ ಹುಡುಗಿ ಹೇಳಿದ್ಲು. ಸರಿಯಾಗೇ ಹೇಳಿದ್ಲು. ನಾನು ಅವಳ ಮಾತು ಬಿಟ್ಟು ನಿನ್ನ ಮಾತು ಇಟ್ಕೊಂಡೆ." ಅಷ್ಟು ಹೇಳಿ ಎದ್ದು, ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದ. ಮೂಲೆಯ ಪೆಟ್ಟಿಗೆಯಿಂದ ಹಳೆಯ ಶ್ರುತಿಪೆಟ್ಟಿಗೆ ತೆಗೆದು ನನ್ನ ಕೈಗೆ ಕೊಟ್ಟ. ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತಿರಲಿಲ್ಲ. "ತಿರುಗ್ಸು. ನುಡಿಸಿ ನೋಡೋಣ."

ಹಿಂದೆ ಹೋಗಿ ಕೂತೆ. ಶ್ರುತಿ ಕೂರಿಸಿದೆ. ಅವನು ನುಡಿಸಿದ. ಎಡಗೈ ಓಡಿತು. ಬಲಗೈ ಗಿಳಿಗಳನ್ನು ಎಬ್ಬಿಸಲು ಮೇಲೆ ಹೋದಾಗ ಒಂದು ಕೀ ಪಕ್ಕಕ್ಕೆ ಬಿತ್ತು. ಅವನಿಗೆ ತಿಳಿಯಲಿಲ್ಲ; ಹಾಗೇ ನುಡಿಸುತ್ತ ಹೋದ. ನಾನು ಕೈಯೆತ್ತಿದೆ. ಮತ್ತೆ ಶುರುಮಾಡಿದ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕೀಗಳನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನುಡಿಸತೊಡಗಿದ, ಸರಿಯೋ ತಪ್ಪೋ ಅಲ್ಲಿ ಕಾಣುತ್ತದೆಂದು. ಮುಖ ನೋಡಿದ್ದರಿಂದ ಇನ್ನಷ್ಟು ತಪ್ಪಿತು. ನಾಲ್ಕನೆಯ ಸಲ ಕೊನೆಯವರೆಗೂ ನುಡಿಸಿ, ಕೈ ತೆಗೆದು, ಟವೆಲಿನಿಂದ ಕತ್ತು ಒರೆಸಿಕೊಂಡ.

"ಈಗ?"

ಆಯಿತು ಎಂದುಬಿಡುವುದು ಬಹಳ ಸುಲಭವಿತ್ತು. ಅವನ ಮುಖ ನೋಡಿದರೆ ಹಾಗೆ ಹೇಳುವುದೇ ಮನುಷ್ಯತ್ವ ಎನಿಸುತ್ತಿತ್ತು.

"ತಪ್ಪಿತು. ನಾಲ್ಕು ಕಡೆ" ಎಂದು ಕೂಗಿದೆ.

ತಲೆಯಾಡಿಸಿದ. ಎರಡೂ ಮಷೀನುಗಳ ಸ್ವಿಚ್ಚು ಆರಿಸಿ, ಬಟ್ಟೆ ಹೊದಿಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿದ.

"ಮೇನಲ್ಲಿ ಇದ್ನೇ ಹೇಳಿದ್ರೆ ಆಗಿತ್ತು ಕಣ್ಲಾ" ಎಂದ. "ಇಳಿಯೋವಾಗ ಏಣಿ ನೋಡ್ಕೊಂಡು ಇಳಿ, ಮೂರನೇ ಮೆಟ್ಲು ಅಲ್ಲಾಡ್ತದೆ."

ಅದಾದ ಮೇಲೆ ನಾನು ಆ ಅಟ್ಟ ಹತ್ತಿಲ್ಲ. ಬೀದಿಯಲ್ಲಿ ಸಿಕ್ಕರೆ ಪಂಚಾಕ್ಷರಿ ಚೆನ್ನಾಗಿದ್ದೀಯೇನ್ಲಾ ಎನ್ನುತ್ತಾನೆ. ಚೆನ್ನಾಗಿದ್ದೇನೆ ಎಂದು ಕೂಗುತ್ತೇನೆ. ಮುನ್ನುಡಿ ಕೇಳಿಕೊಂಡು ಬಂದವರಿಗೆ ಕಣ್ಣಿನ ತೊಂದರೆ ಎಂದು ಹೇಳಿ ಕಳಿಸುತ್ತೇನೆ. ಅದೂ ಸುಳ್ಳೇ.

ಆ ವರ್ಷದ ದೀಪಾವಳಿಯ ಹೊತ್ತಿಗೆ ಸಿಡಿಗಳು ಮುಗಿದು ಮತ್ತೊಮ್ಮೆ ಮಾಡಿಸಿದರು. ಗಿರಿಜಮ್ಮ ಒಂದು ಪ್ರತಿ ಕಳಿಸಿಕೊಟ್ಟರು. ಆರನೆಯ ಹಾಡು ಮೊದಲಿದ್ದಂತೆಯೇ ಇದೆ. ಮುನ್ನುಡಿ ಇದ್ದ ಎರಡು ಪುಟಗಳಲ್ಲಿ ಅಟ್ಟದ ಫೋಟೋ ಹಾಕಿದ್ದಾರೆ.